‘ಉದ್ರಿಕ್ತ ಪರಮಾಣು’: ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ.

ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯವನು. ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಅಕ್ಕಪಕ್ಕದ ಎರಡು ಪರಮಾಣುಗಳ ನಡುವಿನ ಕ್ವಾಂಟಂ ಬಲದ ಬಗ್ಗೆ ಕನ್ನಡದಲ್ಲಿ ಒಂದು ಪಾಠ ಬರೆಯಲು ಕೂತೆ. ಎಕ್ಸೈಟೆಡ್ (ಹೆಚ್ಚಿನ ಶಕ್ತಿ ಪಡೆದ ಪರಮಾಣುವಿಗೆ ಹೇಳೋದು) ಅನ್ನೋ ಪದದ ಹತ್ತಿರ ಬಂದು ಕೈ ನಿಂತುಬಿಟ್ಟಿದೆ.

‘ಉದ್ರಿಕ್ತ’ ಅಂತ ಬರೆದರೆ ಮಕ್ಕಳಿಗೆ ನೆನಪಾಗೋದು ಪೇಪರಿನ ‘ಉದ್ರಿಕ್ತ ಗುಂಪು’, ಕಲ್ಲು ತೂರಾಟ. ‘ಉದ್ರೇಕ’ ಅಂದರೆ ತರಗತಿಯಲ್ಲಿ ತಲೆ ತಗ್ಗಿಸುತ್ತಾರೆ. ‘ಪ್ರಚೋದಿತ’ ಅನ್ನೋಣ ಅಂದರೆ ಲೇಸರ್ ಪಾಠದಲ್ಲಿ ‘ಪ್ರಚೋದಿತ ಉತ್ಸರ್ಜನೆ’ ಬರುತ್ತದೆ, ಅದು ಬೇರೆಯೇ ಸಂಗತಿ. ‘ಉತ್ತೇಜಿತ’ ಪರವಾಗಿಲ್ಲ, ಆದರೆ ನಮ್ಮ ಕಿವಿಗೆ ಅದು ಬೆನ್ನು ತಟ್ಟೋ ಮಾತು.

ನಿಜವಾಗಿ ಆಗೋದು ಇಷ್ಟೇ. ಗ್ಯಾಸ್ ಒಲೆಯ ನೀಲಿ ಉರಿಗೆ ಚಿಟಿಕೆ ಉಪ್ಪು ಉದುರಿಸಿ ನೋಡಿ. ಉರಿ ಹಳದಿಯಾಗುತ್ತದೆ. ಸೋಡಿಯಂ ಪರಮಾಣುವಿನ ಹೊರಗಿನ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹೋಗಿ, ಸುಮಾರು 16 ನ್ಯಾನೋಸೆಕೆಂಡಿನಲ್ಲಿ ಬೆಳಕು ಬಿಟ್ಟು ಕೆಳಗಿಳಿಯುತ್ತದೆ. ಅಲ್ಲಿ ಸಿಟ್ಟೂ ಇಲ್ಲ, ಗಲಾಟೆಯೂ ಇಲ್ಲ. ಹಾಗಾಗಿ ‘ಏರಿದ ಸ್ಥಿತಿ’ ಅಂತ ಬರೆದೆ. ನಮ್ಮ ಕಡೆ ‘ಏರಿ’ ಅಂದರೆ ಕೆರೆ ಏರಿ, ‘ಏರಿಕೆ’ ಅಂದರೆ ಟೊಮೆಟೊ ಬೆಲೆ. ಅದೂ ಕೂರಲಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಮುಂದಿದೆ. ಎರಡೂ ಪರಮಾಣು ತಳದ ಸ್ಥಿತಿಯಲ್ಲಿದ್ದರೆ, ಅಂದರೆ ಅತಿ ಕಡಿಮೆ ಶಕ್ತಿಯ ಮಟ್ಟದಲ್ಲಿದ್ದರೆ, ನಡುವೆ ಸಣ್ಣ ಸೆಳೆತ ಇರುತ್ತದೆ. ಭೌತವಿಜ್ಞಾನಿ ಫ್ರಿಟ್ಸ್ ಲಂಡನ್ 1930ರಲ್ಲಿ ಕ್ವಾಂಟಂ ಲೆಕ್ಕದಿಂದ ವಿವರಿಸಿದ್ದು ಇದನ್ನೇ. ದೂರ ಎರಡರಷ್ಟಾದರೆ ಆ ಸೆಳೆತದ ಶಕ್ತಿ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದೇ ಜಾತಿಯ ಎರಡರಲ್ಲಿ ಒಂದು ಎಕ್ಸೈಟ್ ಆಗಿದ್ದರೆ 8ರಲ್ಲಿ ಒಂದು ಪಾಲಿಗಷ್ಟೇ ಇಳಿಯುತ್ತದೆ. ಅಂದರೆ ಬಲ ಜಾಸ್ತಿ ದೂರ ಮುಟ್ಟುತ್ತದೆ. ಅದು ಸೆಳೆಯಲೂಬಹುದು, ನೂಕಲೂಬಹುದು. ಆದ್ದರಿಂದ ನನಗೆ ತುಂಬಾ ಇಷ್ಟವಾದ ‘ಸೆಳೆತ’ವನ್ನು ಇಲ್ಲಿ ಬಿಟ್ಟು ‘ಬಲ’ ಅಂತಲೇ ಇಟ್ಟುಕೊಂಡೆ.

ಜೊತೆಗೆ, ಆಗ ಎಕ್ಸೈಟ್ ಆಗಿರೋದು ಇದಾ ಅದಾ ಅಂತ ಬೆರಳು ಮಾಡಿ ತೋರಿಸೋಕೆ ಆಗೋದಿಲ್ಲ. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿ ಇರುತ್ತದಲ್ವಾ, ಹದ್ದುಬಸ್ತು ಆಗಿರದ ಜಮೀನು, ಹಾಗೆ. ಅದು ಒಂದು ಪರಮಾಣುವಿನ ಗುಣ ಅಲ್ಲ, ಜೋಡಿಯ ಸೊತ್ತು. ಹಾಗಾದರೆ ‘ಉದ್ರಿಕ್ತ’ದಂಥ ವಿಶೇಷಣ ಸಾಲದು, ಒಂದು ನಾಮಪದವೇ ಬೇಕು.

ಇದನ್ನು ತೋರಿಸಲು ಮನೆಯಲ್ಲಿ ಒಂದು ಹಗ್ಗ ಅಡ್ಡ ಕಟ್ಟಿ, ಒಂದೇ ಉದ್ದದ ದಾರದಲ್ಲಿ ಎರಡು ಮಾವಿನಕಾಯಿ ಇಳಿಬಿಟ್ಟೆ. ಒಂದನ್ನು ತೂಗಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ಅದು ನಿಂತೇ ಹೋಯಿತು, ಪಕ್ಕದ್ದು ಜೋರಾಗಿ ತೂಗತೊಡಗಿತು. ಆಮೇಲೆ ಮತ್ತೆ ಇದಕ್ಕೆ ವಾಪಸ್ಸು. ಒಂದು ದಾರ ಗಿಡ್ಡ ಮಾಡಿದರೆ ಈ ಆಟ ಸರಿಯಾಗಿ ನಡೆಯೋದಿಲ್ಲ. ಎರಡನ್ನೂ ಒಟ್ಟಿಗೆ ಒಂದೇ ಕಡೆಗೆ ಬಿಟ್ಟರೆ ಒಂದು ಬಗೆ, ಎದುರುಬದುರು ಬಿಟ್ಟರೆ ಇನ್ನೊಂದು ಬಗೆ. ಪರಮಾಣು ಜೋಡಿಯಲ್ಲೂ ಹೀಗೇ ಎರಡು ಬಗೆ. ಒಂದರಲ್ಲಿ ಸೆಳೆತ ಇದ್ದರೆ ಇನ್ನೊಂದರಲ್ಲಿ ನೂಕು.

ಸೊಪ್ಪು ಬಿಡಿಸುತ್ತಾ ಕೂತಿದ್ದ ನಮ್ಮಮ್ಮ ಇದನ್ನು ನೋಡಿ, “ಇದರ ಜೀಕು ಅದಕ್ಕೆ ಹೋಯ್ತು ನೋಡು” ಅಂದರು.

ಜೀಕು! ಉಯ್ಯಾಲೆ ಜೀಕೋದು ಎಲ್ಲರಿಗೂ ಗೊತ್ತು. ಅಮ್ಮ ಅದನ್ನು ಕೈ ಬದಲಾಯಿಸೋ ಒಂದು ವಸ್ತುವಿನ ಹಾಗೆ ಹೇಳಿದರು. ‘ಜೀಕಿನಲ್ಲಿರುವ ಪರಮಾಣು’, ‘ಎರಡು ಪರಮಾಣು, ಒಂದು ಜೀಕು’ ಅಂತ ಬರೆದು ನೋಡಿದೆ. ನನಗಂತೂ ಅರ್ಥ ನೇರವಾಗಿ ಬಂತು. ಉಪ್ಪಿನ ಉದಾಹರಣೆಗೆ ಮಾತ್ರ ಅಷ್ಟು ಹೊಂದಲಿಲ್ಲ, ಅಲ್ಲಿ ಎಲೆಕ್ಟ್ರಾನ್ ಒಮ್ಮೆ ಇಳಿದರೆ ಮುಗಿಯಿತು.

ನಿಮ್ಮ ಊರಿನ ಕಡೆ ‘ಜೀಕು’ ಹೀಗೆ ನಾಮಪದವಾಗಿ ಬಳಕೆಯಲ್ಲಿದೆಯಾ? ಇದ್ದರೆ ಯಾವ ವಾಕ್ಯದಲ್ಲಿ ಕೇಳಿದ್ದೀರಿ ಅಂತ ಬರೆಯಿರಿ. ಉಪ್ಪಿಗೂ ಮಾವಿನಕಾಯಿಗೂ ಎರಡಕ್ಕೂ ಒಪ್ಪೋ ಪದ ಹೊಳೆದರೆ ಅದನ್ನೂ ದಯವಿಟ್ಟು ತಿಳಿಸಿ.