ಏಪ್ರಿಲ್‌ನಿಂದ ಲ್ಯಾಪ್‌ಟಾಪ್ ವಿಪರೀತ ನಿಧಾನ: ಮದರ್‌ಬೋರ್ಡ್ ಬದಲಿಸಲೇಬೇಕೆ?

ಪ್ರಶ್ನೆ: ತೋಟದ ರೈಟರ್, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಹತ್ತಿರದ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಚೆಕ್‌ರೋಲ್ (ಕಾರ್ಮಿಕರ ಹಾಜರಿ ಪಟ್ಟಿ), ವಾರದ ಬಟವಾಡೆ, ಗೊಬ್ಬರದ ದಾಸ್ತಾನು, ಕೊಯ್ಲಿನ ದಿನಗಳಲ್ಲಿ ಒಬ್ಬೊಬ್ಬರು ಕಿತ್ತ ಹಣ್ಣಿನ ತೂಕ, ಇವೆಲ್ಲವೂ ಒಂದೇ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಕಡತಗಳಾಗಿ ಇವೆ. 2019ರಲ್ಲಿ ಕೊಂಡ ಯಂತ್ರ ಇದು. ಇಂಟೆಲ್ ಕೋರ್ ಐ3-7020ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10.

ಮೊದಲಿನಿಂದಲೂ ಇದು ಚುರುಕಿನ ಯಂತ್ರವಲ್ಲ. ಆನ್ ಮಾಡಿದ ಮೇಲೆ ನಾಲ್ಕೈದು ನಿಮಿಷ ಕಾಯುವುದು ಅಭ್ಯಾಸವಾಗಿತ್ತು. ಆದರೆ ಈ ವರ್ಷ ಏಪ್ರಿಲ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ದಿನಗಳಿಂದ ಈಚೆಗೆ ಪರಿಸ್ಥಿತಿ ಪೂರ್ತಿ ಬೇರೆಯಾಗಿದೆ. ಆನ್ ಆಗಿ ಕೆಲಸಕ್ಕೆ ಬರಲು ಹದಿನೈದು ನಿಮಿಷ ಬೇಕು. ಅದಾದ ಮೇಲೂ ಒಂದು ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡುವುದಕ್ಕೆ ಒಂದೆರಡು ಸೆಕೆಂಡು ಹಿಡಿಯುತ್ತದೆ. ಹೋದ ಶನಿವಾರ ಬಟವಾಡೆಯ ಹಾಳೆ ತೆರೆಯದೆ, ಮಳೆಯಲ್ಲಿ ಕತ್ತಲಾಗುವುದರೊಳಗೆ ದೂರದ ಮನೆಗಳಿಗೆ ನಡೆದು ಹೋಗಬೇಕಾದ ಇಪ್ಪತ್ತೆರಡು ಕಾರ್ಮಿಕರು ಕಚೇರಿಯ ಜಗಲಿಯಲ್ಲಿ ಒಂದು ಗಂಟೆಗೂ ಹೆಚ್ಚು ಕಾದು ಕುಳಿತಿದ್ದರು. ಕೊನೆಗೆ ಹಳೆಯ ಪುಸ್ತಕ ತೆಗೆದು ಕೈಯಲ್ಲೇ ಲೆಕ್ಕ ಮಾಡಿ ಹಣ ಕೊಟ್ಟೆ. ಅವರನ್ನು ಮತ್ತೆ ಹಾಗೆ ಕೂರಿಸಲು ನನಗೆ ಮನಸ್ಸಿಲ್ಲ.

ಬೇಡದ ಕಡತಗಳನ್ನೆಲ್ಲ ಅಳಿಸಿದೆ. ಅಂತರಜಾಲದಲ್ಲಿ ಉಚಿತವಾಗಿ ಸಿಕ್ಕ, ವೇಗ ಹೆಚ್ಚಿಸುತ್ತದೆಂದು ಹೇಳುವ ತಂತ್ರಾಂಶವೊಂದನ್ನು ಹಾಕಿದೆ. ಪ್ರಯೋಜನವಾಗಲಿಲ್ಲ. ಅಂಗಡಿಯೊಂದರಲ್ಲಿ ತೋರಿಸಿದಾಗ, ಸಿಡಿಲಿಗೆ ಮದರ್‌ಬೋರ್ಡ್ ದುರ್ಬಲವಾಗಿದೆ, ಅದನ್ನು ಬದಲಿಸಿ ಇಲ್ಲವೇ ಹೊಸದು ಕೊಳ್ಳಿ ಎಂದರು. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗುವುದರೊಳಗೆ ತೀರ್ಮಾನಿಸಬೇಕಾಗಿದೆ. ತೋಟದ ಹಣ ಖರ್ಚು ಮಾಡುವ ಮುನ್ನ ತಿಳಿದವರ ಸಲಹೆ ಬೇಕು.

ಉತ್ತರ 1: ಹೇಮಾವತಿ ದಂಡೆ, ಸಕಲೇಶಪುರ

ರೈಟರ್ ಅವರೇ, ಮೊದಲು ಬಟವಾಡೆ ಮತ್ತು ತೂಕದ ಕಡತಗಳನ್ನು ಇವತ್ತೇ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಉಳಿದದ್ದು ಆಮೇಲೆ.

ನಿಮ್ಮ ಯಂತ್ರದ ಹಳೆಯ ನಿಧಾನಕ್ಕೆ ಕಾರಣ ಹಾರ್ಡ್ ಡಿಸ್ಕ್ ಎಂದು ಧೈರ್ಯವಾಗಿ ಹೇಳಬಲ್ಲೆ. ಆ ಕಾಲದ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್. ಒಂದು ಸುತ್ತಿಗೆ 11 ಮಿಲಿಸೆಕೆಂಡು; ಬೇಕಾದ ಜಾಗ ಡಿಸ್ಕಿನ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಐದೂವರೆ ಮಿಲಿಸೆಕೆಂಡು; ಅದಕ್ಕೂ ಮುಂಚೆ ತಲೆಯು ಸರಿಯಾದ ಪಥಕ್ಕೆ ಸರಿಯಲು ಹತ್ತು ಹನ್ನೆರಡು ಮಿಲಿಸೆಕೆಂಡು. ಹೀಗಾಗಿ ಚದುರಿ ಬಿದ್ದಿರುವ ಚಿಕ್ಕ ಚಿಕ್ಕ ತುಣುಕುಗಳನ್ನು ಓದುವಾಗ ಅದು ಸೆಕೆಂಡಿಗೆ ನೂರು ಓದುಗಳನ್ನೂ ಮುಟ್ಟುವುದಿಲ್ಲ. ವಿಂಡೋಸ್ ಶುರುವಾಗುವಾಗ ಕೇಳುವುದು ಇಂತಹ ತುಣುಕುಗಳನ್ನೇ, ಅದೂ ಸಾವಿರಗಟ್ಟಲೆ. ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್ಪುಗಳಲ್ಲಿ ಕಡತ ಇಡುವ ಎಸ್ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ ಕಾರಣ ಅದು ಸೆಕೆಂಡಿಗೆ ಸಾವಿರಾರು ಓದುಗಳನ್ನು ಮುಗಿಸುತ್ತದೆ. ಇದರ ಮೇಲೆ 4 ಜಿಬಿ ರ‍್ಯಾಮ್ ಎಂದರೆ ವಿಂಡೋಸ್ ಮತ್ತು ಬ್ರೌಸರ್ ಎರಡಕ್ಕೇ ಅದು ತುಂಬಿಹೋಗುತ್ತದೆ. ಹಿಡಿಸದೆ ಉಳಿದದ್ದನ್ನು ವಿಂಡೋಸ್ ಅದೇ ನಿಧಾನದ ಡಿಸ್ಕಿನಲ್ಲಿ ಇಟ್ಟು ತೆಗೆಯುತ್ತಿರುತ್ತದೆ.

ಆ ಉಚಿತ ತಂತ್ರಾಂಶವನ್ನು ತೆಗೆದುಹಾಕಿ. ಅಂಥವು ತಾವೇ ಹಿನ್ನೆಲೆಯಲ್ಲಿ ಓಡುತ್ತಾ ಇರುವ ಅಲ್ಪ ರ‍್ಯಾಮನ್ನೂ ತಿನ್ನುತ್ತವೆ. ಅವಧಿ ಮುಗಿದ ಆಂಟಿವೈರಸ್ ಏನಾದರೂ ಉಳಿದಿದ್ದರೆ ಅದನ್ನೂ ತೆಗೆಯಿರಿ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ನಿಮ್ಮ ಕೆಲಸಕ್ಕೆ ಸಾಕು.

ಆದರೆ ಏಪ್ರಿಲ್‌ನಿಂದ ಒಮ್ಮೆಲೇ ಹದಗೆಟ್ಟಿತು ಎನ್ನುತ್ತೀರಲ್ಲ, ಅದು ಹಾರ್ಡ್ ಡಿಸ್ಕಿನ ಮಾತ್ರ ತಪ್ಪೇ ಎಂಬುದು ತಿಳಿಯಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಮೂರರ ಅಂಕಿಗಳನ್ನೂ ಬರೆದು ಇಲ್ಲಿ ಹಾಕಿ. ಏಪ್ರಿಲ್‌ನಲ್ಲಿ ಏನಾಯಿತು, ಏನನ್ನು ಬದಲಿಸಿದಿರಿ ಎಂಬುದನ್ನೂ ನೆನಪು ಮಾಡಿಕೊಂಡು ತಿಳಿಸಿ.

ತೋಟದ ರೈಟರ್, ಮೂಡಿಗೆರೆ

ತುಂಬಾ ಉಪಕಾರವಾಯಿತು ಸರ್. ಕಡತಗಳನ್ನು ಎರಡು ಪೆನ್‌ಡ್ರೈವುಗಳಿಗೆ ಹಾಕಿದೆ. ಆ ತಂತ್ರಾಂಶವನ್ನೂ ತೆಗೆದೆ.

ಆನ್ ಆದ ಮೇಲೆ ಮೊದಲ ಹತ್ತು ನಿಮಿಷ ಡಿಸ್ಕ್ ಶೇಕಡ 100 ತೋರಿಸುತ್ತದೆ, ಆಮೇಲೆ ಶೇಕಡ 5ಕ್ಕೆ ಇಳಿಯುತ್ತದೆ. ಮೆಮೊರಿ 3.9ರಲ್ಲಿ 3.3 ಜಿಬಿ. ಡಿಸ್ಕ್ ಇಳಿದ ಮೇಲೂ ಯಂತ್ರ ನಿಧಾನವಾಗಿಯೇ ಇರುತ್ತದೆ. ಎಕ್ಸೆಲ್ ಒಂದನ್ನೇ ತೆರೆದರೂ ಸಿಪಿಯು ಶೇಕಡ 100 ಮುಟ್ಟುತ್ತದೆ. ಅದರ ಕೆಳಗೆ ಸ್ಪೀಡ್ ಎಂದಿರುವ ಕಡೆ 0.39 ಗಿಗಾಹರ್ಟ್ಸ್, ಪಕ್ಕದಲ್ಲಿ ಬೇಸ್ ಸ್ಪೀಡ್ 2.30 ಗಿಗಾಹರ್ಟ್ಸ್ ಎಂದಿದೆ.

ಏಪ್ರಿಲ್‌ನಲ್ಲಿ ಆದದ್ದು ಇಷ್ಟೇ. ಮಳೆಯ ಮೊದಲ ಸಿಡಿಲಿಗೆ ಚಾರ್ಜರ್ ಸುಟ್ಟುಹೋಯಿತು. ಅದೇ ಪಿನ್ನು ಕೂರುವ ಬೇರೆ ಚಾರ್ಜರ್ ಒಂದನ್ನು ಪೇಟೆಯಲ್ಲಿ ಕಡಿಮೆ ಬೆಲೆಗೆ ಕೊಂಡೆ. ಅದು ಚೆನ್ನಾಗಿಯೇ ನಡೆಯುತ್ತಿದೆ. ಬ್ಯಾಟರಿ ಮಾತ್ರ ಶೇಕಡ 9ರ ಮೇಲೆ ಏರುವುದಿಲ್ಲ. ಹಳೆಯದಾಗಿರುವುದರಿಂದ ಹಾಗಿರಬೇಕೆಂದು ಸುಮ್ಮನಿದ್ದೇನೆ.

ಉತ್ತರ 2: ರಿಪೇರಿ ಮೇಜು, ಹಾಸನ

ದಯವಿಟ್ಟು ಮದರ್‌ಬೋರ್ಡಿಗೆ ಹಣ ಕೊಡಬೇಡಿ, ಕನಿಷ್ಠ ಈ ವಾರವಂತೂ ಬೇಡ. ನಾನು ಹಾಸನದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ನೀವು ಕೊನೆಯಲ್ಲಿ ಬರೆದ ನಾಲ್ಕು ಸಾಲುಗಳಲ್ಲೇ ಉತ್ತರವಿದೆ ಎಂದು ನನಗೆ ತೋರುತ್ತದೆ.

ಐ3-7020ಯು ಪ್ರೊಸೆಸರಿನ ವೇಗ 2.3 ಗಿಗಾಹರ್ಟ್ಸ್. ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಅದು ತಾನಾಗಿ ವೇಗ ತಗ್ಗಿಸಿಕೊಳ್ಳುವುದು ಸಹಜ. ಆದರೆ ಬಳಕೆ ಶೇಕಡ 100 ಇರುವಾಗಲೂ ವೇಗ 0.39ರಲ್ಲೇ ನಿಂತಿದೆ ಎಂದರೆ, ಯಾರೋ ಅದನ್ನು ಬೇಕೆಂದೇ ತಡೆದು ಹಿಡಿದಿದ್ದಾರೆ ಎಂದರ್ಥ. ನಿಮ್ಮ ಪ್ರೊಸೆಸರ್ ತನ್ನ ಶಕ್ತಿಯ ಆರನೆಯ ಒಂದು ಭಾಗದಲ್ಲಿ ದುಡಿಯುತ್ತಿದೆ. ಹಾರ್ಡ್ ಡಿಸ್ಕ್ ಸುಮ್ಮನಾದ ಮೇಲೂ ಅಕ್ಷರ ಮೂಡಲು ತಡವಾಗುವುದು ಇದರಿಂದಲೇ.

ತಡೆಯುತ್ತಿರುವುದು ಬಹುಶಃ ಆ ಚಾರ್ಜರ್. ಪಿನ್ನನ್ನು ನೋಡಿ: ದುಂಡನೆಯ ಕೊಳವೆಯ ನಡುವೆ ಸೂಜಿಯಂತಹ ತೆಳ್ಳನೆಯ ಕಡ್ಡಿಯೊಂದು ಇದೆಯೇ? ಕೆಲವು ಕಂಪನಿಗಳ ಅಡಾಪ್ಟರ್ ತಾನು ಎಷ್ಟು ವ್ಯಾಟಿನದು ಎಂಬುದನ್ನು ಆ ಕಡ್ಡಿಯ ಮೂಲಕ ಲ್ಯಾಪ್‌ಟಾಪಿಗೆ ತಿಳಿಸುತ್ತದೆ. ಆ ಗುರುತು ಬಾರದಿದ್ದರೆ ಅಥವಾ ಬಂದ ವ್ಯಾಟ್ ಸಾಲದಿದ್ದರೆ, ಲ್ಯಾಪ್‌ಟಾಪ್ ಅದನ್ನು ನಂಬುವುದಿಲ್ಲ. ಅಡಾಪ್ಟರ್ ಮೇಲೆ ಹೊರೆ ಬೀಳದಿರಲೆಂದು ಬ್ಯಾಟರಿಗೆ ಚಾರ್ಜ್ ಕೊಡುವುದನ್ನು ನಿಲ್ಲಿಸಿ, ಪ್ರೊಸೆಸರನ್ನು ಅತಿ ಕಡಿಮೆ ವೇಗಕ್ಕೆ ಕಟ್ಟಿಹಾಕುತ್ತದೆ. ಬ್ಯಾಟರಿ ಶೇಕಡ 9ರಲ್ಲಿ ನಿಂತಿರುವುದೂ ಯಂತ್ರ ತೆವಳುತ್ತಿರುವುದೂ ಒಂದೇ ಕಾಯಿಲೆಯ ಎರಡು ಲಕ್ಷಣಗಳು. ಆನ್ ಮಾಡಿದ ಕೂಡಲೇ ಕಪ್ಪು ಪರದೆಯ ಮೇಲೆ ಅಡಾಪ್ಟರ್ ಬಗ್ಗೆ ಎಚ್ಚರಿಕೆಯ ಸಾಲು ಬರುತ್ತಿರಲೂಬಹುದು. ಎಂಟರ್ ಒತ್ತಿ ಮುಂದೆ ಹೋಗುವುದು ರೂಢಿಯಾದ ಮೇಲೆ ಯಾರೂ ಅದನ್ನು ಓದುವುದಿಲ್ಲ.

ಲ್ಯಾಪ್‌ಟಾಪಿನ ಅಡಿಯ ಲೇಬಲ್ಲಿನಲ್ಲಿ ಬೇಕಾದ ವೋಲ್ಟ್ ಮತ್ತು ಆಂಪಿಯರ್ ಬರೆದಿರುತ್ತದೆ. ಹೊಸ ಚಾರ್ಜರಿನ ಲೇಬಲ್ಲಿನೊಂದಿಗೆ ಹೋಲಿಸಿ. 19.5 ವೋಲ್ಟಿಗೆ 3.34 ಆಂಪಿಯರ್ ಗುಣಿಸಿದರೆ 65 ವ್ಯಾಟ್, 2.31 ಆಂಪಿಯರ್ ಆದರೆ 45 ವ್ಯಾಟ್ ಮಾತ್ರ. ವೋಲ್ಟ್ ಸಮನಾಗಿರಲೇಬೇಕು, ಆಂಪಿಯರ್ ಬೇಕಾದಷ್ಟು ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಆಮೇಲೆ ಅದೇ ಕಂಪನಿಯ, ಅದೇ ಪಿನ್ನಿನ ಮೂಲ ಚಾರ್ಜರನ್ನು ಪರಿಚಯದವರಿಂದ ಅರ್ಧ ಗಂಟೆ ಕೇಳಿ ತಂದು ಹಾಕಿ, ಟಾಸ್ಕ್ ಮ್ಯಾನೇಜರ್ ನೋಡಿ. ವೇಗ 2 ಗಿಗಾಹರ್ಟ್ಸ್ ದಾಟಿದರೆ ಪ್ರಶ್ನೆ ಬಗೆಹರಿಯಿತು. ದಾಟದಿದ್ದರೆ ಎರಡು ಕಡೆ ನೋಡಬೇಕು. ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿ ಶೇಕಡ 100 ಇದೆಯೇ ಎಂದು ನೋಡಿ. ಅದೂ ಸರಿಯಿದ್ದರೆ ಲ್ಯಾಪ್‌ಟಾಪಿನ ಕಡೆಯ ಚಾರ್ಜಿಂಗ್ ಜ್ಯಾಕ್ ಪರೀಕ್ಷಿಸಬೇಕು. ಅನೇಕ ಮಾದರಿಗಳಲ್ಲಿ ಅದು ತಂತಿಯೊಂದಿಗೆ ಬರುವ ಬಿಡಿ ಭಾಗ. ಮದರ್‌ಬೋರ್ಡ್ ಮಾತು ಅದರ ನಂತರವೇ.

ಈ ತಡೆಯನ್ನು ತಂತ್ರಾಂಶದಿಂದ ಬಿಡಿಸುವ ವಿಧಾನಗಳು ಅಂತರಜಾಲದಲ್ಲಿ ಸಿಗುತ್ತವೆ. ನಾನು ಅದನ್ನು ಒಪ್ಪುವುದಿಲ್ಲ. ಶಕ್ತಿ ಸಾಲದ ಅಡಾಪ್ಟರಿನಿಂದ ಪೂರ್ಣ ವಿದ್ಯುತ್ ಎಳೆದರೆ ಅದು ಮಿತಿ ಮೀರಿ ಕಾಯುತ್ತದೆ, ಮತ್ತು ನಿಮ್ಮ ಕಚೇರಿಯಲ್ಲಿ ಸುತ್ತಲೂ ಕಾಗದ, ಗೋಣಿಚೀಲ ಇರಬಹುದು.

ಉತ್ತರ 1 ಬರೆದವರು, ಸಕಲೇಶಪುರ

0.39 ಎಂಬ ಅಂಕಿಯನ್ನು ನಾನು ಗಮನಿಸದೆ ಮುಂದೆ ಹೋಗಿದ್ದೆ. ಹಾಸನದವರ ಮಾತೇ ಸರಿ. ಮೊದಲು ಚಾರ್ಜರ್ ನೋಡಿ, ಎಸ್ಎಸ್‌ಡಿ ಆಮೇಲೆ.

ಉತ್ತರ 3: ಕಂಪ್ಯೂಟರ್ ಮೇಷ್ಟ್ರು, ಕಡೂರು

ವೇಗದ ವಿಷಯವನ್ನು ಇಬ್ಬರೂ ಚೆನ್ನಾಗಿ ವಿವರಿಸಿದ್ದಾರೆ. ತಂತ್ರಾಂಶದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ (ಭದ್ರತೆಯ ಪರಿಷ್ಕರಣೆಗಳು) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನ ಎಂಟನೆಯ ಪೀಳಿಗೆಯಿಂದ ಮೇಲಿನ ಪ್ರೊಸೆಸರುಗಳನ್ನು ಕೇಳುತ್ತದೆ, ನಿಮ್ಮದು ಏಳನೆಯದು. ಬಲವಂತವಾಗಿ ಹಾಕುವ ಉಪಾಯಗಳಿದ್ದರೂ ಜನರ ಕೂಲಿಯ ಲೆಕ್ಕ ಇರುವ ಯಂತ್ರದಲ್ಲಿ ಅದನ್ನು ಮಾಡಬಾರದೆಂಬುದು ನನ್ನ ಅಭಿಪ್ರಾಯ.

ವಿಂಡೋಸಿನ ಬದಲು ಹಾಕಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ ಲಿನಕ್ಸ್ ಮಿಂಟ್‌ನ ಎಕ್ಸ್ಎಫ್‌ಸಿಇ ಆವೃತ್ತಿ ಇಂತಹ ಯಂತ್ರಗಳಿಗೆ ಹಗುರವಾಗಿ ಹೊಂದುತ್ತದೆ. ಅದರ 22ನೆಯ ಸರಣಿಗೆ 2029ರವರೆಗೆ ಬೆಂಬಲವಿದೆ. ಕನ್ನಡ ಬರೆಯಲು ತೊಂದರೆಯಿಲ್ಲ. ನುಡಿ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು ಮಾಡುವವರಿಗೆ ಪರಿಚಯವಿರುವ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೂ ಸಿಗುತ್ತದೆ. ಆದರೆ ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಹೆಸರುಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ಅವನ್ನು ಎಲ್ಲ ಯಂತ್ರಗಳಲ್ಲೂ ಓದಲಾಗುವ ಯೂನಿಕೋಡ್ ಅಕ್ಷರಗಳಿಗೆ ಪರಿವರ್ತಿಸಿ ಇಟ್ಟುಕೊಳ್ಳಬೇಕು. ಎಕ್ಸೆಲ್ ಕಡತಗಳನ್ನು ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶ ತೆರೆಯುತ್ತದೆ. ಬಟವಾಡೆ ಹಾಳೆಯಲ್ಲಿ ಮ್ಯಾಕ್ರೋ (ತಾನಾಗಿ ಕೆಲಸ ಮಾಡಿಸುವ ಆದೇಶಗಳು) ಇದ್ದರೆ ಮಾತ್ರ ಅದು ಹಾಗೆಯೇ ನಡೆಯುತ್ತದೆಂದು ನಂಬಿ ಕೂರಬೇಡಿ. ಲಿಬ್ರೆ ಆಫೀಸನ್ನು ಈಗಿರುವ ವಿಂಡೋಸಿನಲ್ಲೇ ಹಾಕಿ, ಒಂದು ವಾರದ ಲೆಕ್ಕವನ್ನು ಅದರಲ್ಲಿ ಮಾಡಿ, ಕೈಲೆಕ್ಕದೊಂದಿಗೆ ತಾಳೆ ನೋಡಿದ ಮೇಲೆ ತೀರ್ಮಾನಿಸಿ.

ತೋಟದ ರೈಟರ್, ಮೂಡಿಗೆರೆ

ಎಲ್ಲರಿಗೂ ಕೈಮುಗಿಯುತ್ತೇನೆ. ಲೇಬಲ್ ನೋಡಿದೆ: ಲ್ಯಾಪ್‌ಟಾಪಿನದು 3.34 ಆಂಪಿಯರ್, ನಾನು ಕೊಂಡ ಚಾರ್ಜರಿನದು 2.31. ಎಚ್ಚರಿಕೆಯ ಸಾಲೂ ನಿಜವಾಗಿ ಬರುತ್ತಿತ್ತು. ನಾನು ಪ್ರತಿದಿನ ಎಂಟರ್ ಒತ್ತಿ ದಾಟಿಸುತ್ತಿದ್ದೆ. ಪಕ್ಕದ ತೋಟದ ಸಾಹುಕಾರರ ಮಗಳ ಹತ್ತಿರ ಅದೇ ಕಂಪನಿಯ 65 ವ್ಯಾಟಿನ ಮೂಲ ಚಾರ್ಜರ್ ಇತ್ತು. ತಂದು ಹಾಕಿದ ಕೂಡಲೇ ವೇಗ 2.29 ಗಿಗಾಹರ್ಟ್ಸ್ ತೋರಿಸಿತು, ಬ್ಯಾಟರಿಯೂ ಏರತೊಡಗಿ ಎರಡು ಗಂಟೆಯಲ್ಲಿ ಶೇಕಡ 80 ದಾಟಿತು. ಬಟವಾಡೆ ಹಾಳೆ ತೆರೆಯುವುದಕ್ಕೆ ಈಗ ಅರ್ಧ ನಿಮಿಷವೂ ಬೇಡ. ಮೂಲ ಚಾರ್ಜರ್ ತರಿಸಲು ಚಿಕ್ಕಮಗಳೂರಿನಲ್ಲಿ ಹೇಳಿ ಬಂದಿದ್ದೇನೆ.

ಆನ್ ಆಗುವುದಕ್ಕೆ ಮಾತ್ರ ಇನ್ನೂ ಐದು ನಿಮಿಷ ಬೇಕು. ಎಸ್ಎಸ್‌ಡಿ ಮತ್ತು ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸೋಣವೆಂದು ನಮ್ಮ ತೋಟದ ಸಾಹುಕಾರರು ಒಪ್ಪಿದ್ದಾರೆ. ಟಾಸ್ಕ್ ಮ್ಯಾನೇಜರಿನಲ್ಲಿ ಎರಡು ಸ್ಲಾಟಿನಲ್ಲಿ ಒಂದು ಬಳಕೆಯಲ್ಲಿದೆ ಎಂದಿದೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ತಂತ್ರಾಂಶ ಹಾಕಿ ನೋಡಿದಾಗ ಹಾರ್ಡ್ ಡಿಸ್ಕಿಗೆ ಹಳದಿ ಬಣ್ಣದ ಎಚ್ಚರಿಕೆ, ಕರೆಂಟ್ ಪೆಂಡಿಂಗ್ ಸೆಕ್ಟರ್ ಸಾಲಿನಲ್ಲಿ ಸೊನ್ನೆಯಲ್ಲದ ಅಂಕಿ ಬಂದಿದೆ. ಇದರ ಅರ್ಥವೇನು?

ರಿಪೇರಿ ಮೇಜು, ಹಾಸನ

ಡಿಸ್ಕಿನ ಕೆಲವು ಜಾಗಗಳನ್ನು ಓದಲು ಆಗುತ್ತಿಲ್ಲ, ಅವು ಕೆಟ್ಟವೋ ಅಲ್ಲವೋ ಎಂದು ಡಿಸ್ಕ್ ಇನ್ನೂ ನಿರ್ಧರಿಸಿಲ್ಲ ಎಂದರ್ಥ. ಹಾಗಾಗಿ ಎಸ್ಎಸ್‌ಡಿಯನ್ನು ಕೊಯ್ಲಿನವರೆಗೆ ಮುಂದೂಡಬೇಡಿ. ಎರಡೂವರೆ ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್ಎಸ್‌ಡಿ ಕೊಂಡರೆ ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರುತ್ತದೆ. ನಿಮ್ಮ ಕೆಲಸಕ್ಕೆ 256 ಜಿಬಿ ಧಾರಾಳ. ಹಳೆಯ ಡಿಸ್ಕನ್ನು ಇಡಿಯಾಗಿ ನಕಲು ಮಾಡಿಸಬೇಡಿ, ಓದಲಾಗದ ಜಾಗದಲ್ಲಿ ಸಿಕ್ಕಿ ನಕಲು ಅರ್ಧಕ್ಕೆ ನಿಲ್ಲಬಹುದು. ಎಸ್ಎಸ್‌ಡಿಯ ಮೇಲೆ ವ್ಯವಸ್ಥೆಯನ್ನು ಹೊಸದಾಗಿ ಹಾಕಿ, ಕಡತಗಳನ್ನು ಪೆನ್‌ಡ್ರೈವಿನಿಂದ ತನ್ನಿ. ರ‍್ಯಾಮ್ ಡಿಡಿಆರ್4 ಲ್ಯಾಪ್‌ಟಾಪ್ ಮಾದರಿಯದಾಗಿರಲಿ. ವೇಗ ಹೆಚ್ಚಿನದು ಸಿಕ್ಕರೂ ಅದು 2133ಕ್ಕೆ ಇಳಿದು ಹೊಂದಿಕೊಳ್ಳುತ್ತದೆ.

ಬಿಚ್ಚಿದಾಗ ಫ್ಯಾನನ್ನೂ ತೆಗೆಸಿ ನೋಡಿ. ಮೂಡಿಗೆರೆ, ಸಕಲೇಶಪುರದ ಕಡೆಯಿಂದ ನನ್ನ ಬಳಿ ಬರುವ ಯಂತ್ರಗಳಲ್ಲಿ ಧೂಳು ಮಳೆಗಾಲದ ತೇವಕ್ಕೆ ಸೇರಿ ಗಾಳಿ ಹೋಗುವ ಸಂದಿನಲ್ಲಿ ಕಂಬಳಿಯ ಚೂರಿನಂತೆ ಗಟ್ಟಿಯಾಗಿ ಕುಳಿತಿರುತ್ತದೆ; ಬ್ರಷ್ಷಿನಿಂದ ಹೋಗುವುದಿಲ್ಲ, ಬಿಚ್ಚಿಯೇ ತೆಗೆಯಬೇಕು. ಇನ್ನು ಮುಂದೆ ಗುಡುಗು ಶುರುವಾದ ಕೂಡಲೇ ಚಾರ್ಜರನ್ನು ಗೋಡೆಯಿಂದ ಕಿತ್ತು ಬ್ಯಾಟರಿಯಲ್ಲಿ ಕೆಲಸ ಮಾಡಿ, ಬ್ರಾಡ್‌ಬ್ಯಾಂಡ್ ತಂತಿ ಲ್ಯಾಪ್‌ಟಾಪಿಗೆ ಸೇರಿದ್ದರೆ ಅದನ್ನೂ ಬಿಡಿಸಿ.

ತೋಟದ ರೈಟರ್, ಮೂಡಿಗೆರೆ

ಹಾಗೆಯೇ ಮಾಡುತ್ತೇನೆ ಸರ್. ಸೋಮವಾರ ಚಿಕ್ಕಮಗಳೂರಿಗೆ ಹೋಗಿ ಚಾರ್ಜರಿನ ಜೊತೆಗೇ ಎಸ್ಎಸ್‌ಡಿಯನ್ನೂ ತರುತ್ತೇನೆ. ಈ ಶನಿವಾರದ ಬಟವಾಡೆ ಐದೂವರೆಗೆಲ್ಲ ಮುಗಿಯಿತು.