ಕಣ್ಣಿನ ಸ್ಕ್ಯಾನ್‌ನಲ್ಲಿ ಸ್ಕಿಜೋಫ್ರೇನಿಯಾ ಗೊತ್ತಾಗುತ್ತಾ? ತಮ್ಮನ ವಿಷಯ

ಸೋಮವಾರಪೇಟೆ ಅಕ್ಕ:

ತಮ್ಮನಿಗೆ 20 ವರ್ಷ. ಮಂಗಳೂರಲ್ಲಿ ಡಿಗ್ರಿ ಓದ್ತಿದ್ದ. ಮಳೆಗಾಲದಲ್ಲಿ ಮನೆಗೆ ಬಂದವನು ವಾಪಸ್ ಹೋಗ್ಲೇ ಇಲ್ಲ. ರಾತ್ರಿಯಿಡೀ ಎದ್ದಿರ್ತಾನೆ. ಕಣದಲ್ಲಿ ಕಾಫಿ ಹರಡುವವರು ಅವರವರೇ ನಕ್ಕರೂ ‘ನನ್ನ ವಿಷಯಾನೇ ಆಡ್ಕೊಳ್ತಿದ್ದಾರೆ’ ಅಂತಾನೆ. ಹೋದ ವಾರ ಟಿವಿಗೆ ಬೆಡ್‌ಶೀಟ್ ಹೊದಿಸಿ ನಾಲ್ಕು ಮೂಲೆಗೂ ಸೇಫ್ಟಿ ಪಿನ್ ಹಾಕಿದ್ದ. ಅದು ಇವನನ್ನ ನೋಡುತ್ತಂತೆ.

ಅಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಾಯ್ತು. ಮನಸ್ಸಿನ ಡಾಕ್ಟ್ರು ಅಂದ್ರೆ ಅಪ್ಪ ಎದ್ದು ತೋಟಕ್ಕೆ ಹೋಗಿಬಿಡ್ತಾರೆ. ಆದ್ರೆ ಒಂದು ವಿಡಿಯೋದಲ್ಲಿ ಕಣ್ಣಿನ ಒಳಪದರಗಳ ದಪ್ಪ ಅಳೆಯೋ ಓಸಿಟಿ ಸ್ಕ್ಯಾನ್ ಮಾಡಿದ್ರೆ ಸ್ಕಿಜೋಫ್ರೇನಿಯಾ ಅನ್ನೋ ಮನಸ್ಸಿನ ಕಾಯಿಲೆ ಶುರುವಿನಲ್ಲೇ ಸಿಗುತ್ತೆ ಅಂದ್ರು. ಕಣ್ಣಾಸ್ಪತ್ರೆ ಅಂದ್ರೆ ಅಪ್ಪ ಒಪ್ತಾರೆ, ತಮ್ಮನೂ ಬರ್ತಾನೆ. ಮೈಸೂರಿಗೆ ಕರ್ಕೊಂಡು ಹೋಗ್ಲಾ?

ಗಲ್ಲ ಇಡಿ, ರೆಪ್ಪೆ ಬಡೀಬೇಡಿ:

ನಾನು ನಾಪೋಕ್ಲು ಕಡೆಯವನು, ಮೈಸೂರಲ್ಲಿ ಆಪ್ಟೋಮೆಟ್ರಿಸ್ಟ್, ಅಂದ್ರೆ ಕಣ್ಣು ಪರೀಕ್ಷೆ ಮಾಡುವವನು. ದಿನಾ ಇದೇ ಮೆಷಿನ್ ಮುಂದೆ ಕೂರ್ತೀನಿ. ಹೋಗ್ಬೇಡಿ ಅಕ್ಕ. ಯಾಕೆ ಅಂತ ಹೇಳ್ತೀನಿ.

ವಿಡಿಯೋದವರು ಪೂರ್ತಿ ಸುಳ್ಳು ಹೇಳಿಲ್ಲ. ಗರ್ಭದಲ್ಲಿ ಮಗುವಿನ ಮಿದುಳಿನಿಂದಲೇ ಹೊರಚಾಚಿ ಬೆಳೆಯೋದು ರೆಟಿನಾ, ಅಂದ್ರೆ ಕಣ್ಣಿನ ಹಿಂಭಾಗದ ಪರದೆ. ತಲೆಬುರುಡೆ ಮುಟ್ಟದೆ ನರಮಂಡಲ ನೋಡೋಕೆ ಇರೋ ಕಿಟಕಿ ಇದು. ಸ್ಕಿಜೋಫ್ರೇನಿಯಾ ಇರುವವರನ್ನೂ ಇಲ್ಲದವರನ್ನೂ ಗುಂಪಾಗಿ ಹೋಲಿಸಿದಾಗ, ಇರುವವರ ರೆಟಿನಾದಲ್ಲಿನ ನರತಂತುಗಳ ಪದರ ಸರಾಸರಿಯಲ್ಲಿ ಕೊಂಚ ತೆಳು ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ನಮ್ಮ ನಿಮ್ಹಾನ್ಸ್‌ನವರೂ ರೆಟಿನಾದ ರಕ್ತನಾಳಗಳ ಫೋಟೋ ಇಟ್ಟುಕೊಂಡು ಇದರ ಮೇಲೆ ಕೆಲಸ ಮಾಡಿದ್ದಾರೆ.

ಆದರೆ ‘ಕೊಂಚ’ ಅಂದ್ರೆ ಎಷ್ಟು? ಆ ಪದರ ಆರೋಗ್ಯವಂತರಲ್ಲಿ ಸುಮಾರು 90ರಿಂದ 100 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ). ಗುಂಪುಗಳ ನಡುವಿನ ವ್ಯತ್ಯಾಸ ಕೆಲವೇ ಮೈಕ್ರಾನ್. ಆರೋಗ್ಯವಾಗಿರೋ ಇಬ್ಬರ ನಡುವೆಯೇ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇರುತ್ತೆ. ಮೈನಸ್ ಆರು ಪವರ್‌ನ ಕನ್ನಡಕದವರು ಬಂದ್ರೆ ಎಷ್ಟೋ ಸಲ ಪ್ರಿಂಟಲ್ಲಿ ‘ಪದರ ತೆಳು’ ಅಂತ ಕೆಂಪು ಬರುತ್ತೆ, ಕಾಯಿಲೆ ಏನೂ ಇರಲ್ಲ. ಆ ಕೆಂಪು, ಹಳದಿ, ಹಸಿರು ಮುಖ್ಯವಾಗಿ ಗ್ಲಾಕೋಮಾ, ಅಂದ್ರೆ ಕಣ್ಣಿನ ನರ ಹಾಳಾಗೋ ಕಾಯಿಲೆ, ನೋಡೋಕೆ ಇರೋದು. ಶುಗರ್, ಬಿಪಿ ಇದ್ರೂ ರೆಟಿನಾ ಬದಲಾಗುತ್ತೆ. ಅಷ್ಟೇ ಅಲ್ಲ, ಪದರ ಕಾಯಿಲೆಗೆ ಮುಂಚೆಯೇ ತೆಳುವಾಗಿತ್ತಾ, ವರ್ಷಗಟ್ಟಲೆ ಕಾಯಿಲೆ ಇದ್ದು ಆಮೇಲೆ ಆಯ್ತಾ ಅನ್ನೋದೇ ಸಂಶೋಧಕರ ದೊಡ್ಡ ಪ್ರಶ್ನೆ. ಅದಕ್ಕೆ ಒಬ್ಬರನ್ನೇ ಹಲವು ವರ್ಷ ಹಿಂಬಾಲಿಸಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಬೇಕು.

ನನಗೆ ಭಯ ಇರೋದು ಬೇರೆ. ನಿಮ್ಮ ತಮ್ಮ ಗಲ್ಲ ಇಡ್ತಾನೆ, ಒಳಗಿನ ಗುರುತು ನೋಡ್ತಾನೆ, ಕೆಲವೇ ಸೆಕೆಂಡ್, ಪ್ರಿಂಟ್ ಪೂರ್ತಿ ಹಸಿರು. ಅದನ್ನ ನಿಮ್ಮಪ್ಪ ಜೇಬಲ್ಲಿ ಮಡಚಿಟ್ಟುಕೊಂಡು ‘ನೋಡು, ಏನೂ ಇಲ್ಲ’ ಅಂದ್ರೆ ನೀವೇನು ಹೇಳ್ತೀರಿ? ಟಿವಿಯ ಬೆಡ್‌ಶೀಟ್ ಆ ಪ್ರಿಂಟ್‌ಗಿಂತ ಜಾಸ್ತಿ ಹೇಳ್ತಿದೆ.

ಕೋಡಿಂಗ್ ಹುಡುಗ, ಗೋಣಿಕೊಪ್ಪ:

ಕಣ್ಣಲ್ಲಿ ಕಾಣದ್ದು ಎಐಗೆ ಕಾಣಬಹುದಲ್ವಾ ಸಾರ್? 2018ರಲ್ಲೇ ಗೂಗಲ್‌ನವರು ರೆಟಿನಾ ಫೋಟೋ ನೋಡಿ ವಯಸ್ಸು, ಗಂಡೋ ಹೆಣ್ಣೋ, ಸಿಗರೇಟು ಸೇದ್ತಾರಾ ಅಂತ ಅಂದಾಜು ಮಾಡಿದ್ರು.

ಗಲ್ಲ ಇಡಿ, ರೆಪ್ಪೆ ಬಡೀಬೇಡಿ:

ತಮ್ಮಾ, ತೊಂದರೆ ಇರೋದೇ ಅಲ್ಲಿ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಸಿಗರೇಟು ಸೇದುವವರು ಬಹಳ. ಮೆಷಿನ್ ಕಾಯಿಲೆ ಹಿಡೀತಾ, ಸಿಗರೇಟು ಹಿಡೀತಾ? ಮೊದಲು ಅದನ್ನ ಬೇರೆ ಮಾಡಿ ತೋರಿಸಲಿ.

ವಿರಾಜಪೇಟೆ ತಾಯಿ:

ಮಗಳೇ, ನಮ್ಮ ಹುಡುಗನಿಗೆ ಹೀಗಾದಾಗ ಹರಕೆ, ಜ್ಯೋತಿಷ್ಯ, ಅಂತ್ರ ಅಂತ ಒಂದೂವರೆ ವರ್ಷ ಕಳೆದ್ವಿ. ಒಂದು ಕಡೆ ಅಂತೂ ನರ ದೌರ್ಬಲ್ಯ ಅಂತ ಟಾನಿಕ್ ಕೊಟ್ಟು ಕಳಿಸಿದ್ರು. ಆ ಒಂದೂವರೆ ವರ್ಷ ಈಗಲೂ ಹೊಟ್ಟೆ ಉರಿಸುತ್ತೆ. ಮೊದಲು 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟ್ರು ಯಾವ ದಿನ ಬರ್ತಾರೆ ಅಂತ ವಿಚಾರಿಸು. ಅಪ್ಪನ ಹತ್ರ ಕಾಯಿಲೆ ಹೆಸರು ಎತ್ತಬೇಡ. ‘ನಿದ್ದೆ ಬರ್ತಿಲ್ಲ, ತೋರಿಸೋಣ’ ಅನ್ನು. ಅದೂ ನಿಜವೇ ತಾನೆ.

ಸೋಮವಾರಪೇಟೆ ಅಕ್ಕ:

ಹತ್ತು ದಿನ ಆಯ್ತು, ಹೇಳಿ ಹೋಗೋಣ ಅಂತ ಬಂದೆ. ನಿದ್ದೆ ಅಂದೇ ಹೊರಡಿಸಿದೆ ಅಮ್ಮಾ. ಅಪ್ಪ ಜೀಪಲ್ಲೇ ಕೂತಿರ್ತೀನಿ ಅಂದವರು ಡಾಕ್ಟ್ರು ಕರೆದಾಗ ಒಳಗೆ ಬಂದ್ರು. ಮುಕ್ಕಾಲು ಗಂಟೆ ಮಾತಾಡಿಸಿದ್ರು. ಗಾಂಜಾ ಸೇದಿದ್ದೀಯಾ ಅಂತ ನೇರವಾಗಿ ಕೇಳಿದಾಗ ಅಪ್ಪನ ಮುಖ ನೋಡಬೇಕಿತ್ತು. ‘ಹಾಸ್ಟೆಲಲ್ಲಿ, ಕೆಲವು ಸಲ’ ಅಂದ. ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದ್ದಾರೆ, ರಾತ್ರಿಗೆ ಮಾತ್ರೆ ಕೊಟ್ಟಿದ್ದಾರೆ. ಕಾಯಿಲೆ ಹೆಸರು ಈಗಲೇ ಹೇಳಲ್ಲ, ನೋಡ್ತಾ ಹೋಗೋಣ ಅಂದ್ರು.

ಓಸಿಟಿ ಬಗ್ಗೆಯೂ ಕೇಳಿದೆ. ನಕ್ಕು, ‘ಕನ್ನಡಕದ ಪವರ್ ನೋಡಿಸಿ ಬೇಕಾದ್ರೆ’ ಅಂದ್ರು.

ಈಗ ರಾತ್ರಿ ನಾಲ್ಕೈದು ಗಂಟೆ ಮಲಗ್ತಾನೆ. ಬೆಡ್‌ಶೀಟ್ ಹಾಗೇ ಇದೆ, ನಾವೂ ಮುಟ್ಟಿಲ್ಲ. ಅಪ್ಪ ವಾರ್ತೆ ಈಗ ರೇಡಿಯೋದಲ್ಲೇ ಕೇಳ್ತಾರೆ. ಮತ್ತೆ ಎರಡು ವಾರಕ್ಕೆ ಬರೋಕೆ ಹೇಳಿದ್ದಾರೆ, ಕೊಯ್ಲಿನ ಮಧ್ಯೆ ಆ ದಿನ ಜೀಪ್ ಬಿಡಿಸ್ಕೋಬೇಕು.