1944ರ ಕೊಹಿಮಾ ಫೋಟೊ: ಅದೇ ಜಾಗದಿಂದ ಈಗ ತೆಗೆಯುವುದು ಹೇಗೆ?

ಬಂದರ್‌ಬೀದಿ, ಮಂಗಳೂರು: ನಾಗಾಲ್ಯಾಂಡ್‌ನ ಕೊಹಿಮಾದಲ್ಲಿ ಬ್ರಿಟಿಷ್-ಭಾರತೀಯ ಸೇನೆ ಜಪಾನಿಯರೊಡನೆ ಕಾದಾಡಿದ ಗುಡ್ಡ ಗ್ಯಾರಿಸನ್ ಹಿಲ್. ಅಲ್ಲಿನ ಮೇ 1944ರ ಚೌಕ ಫೋಟೊಗಳ ಸ್ಕ್ಯಾನ್ ನನ್ನ ಬಳಿ ಇವೆ. ನವೆಂಬರ್‌ನಲ್ಲಿ ಹೋಗುತ್ತಿದ್ದೇನೆ. ಮರ, ಕಟ್ಟಡ ಯಾವುದೂ ಈಗ ಹಾಗಿಲ್ಲ. ಏನನ್ನು ಹಿಡಿದು ಕೋನ ಹೊಂದಿಸುವುದು?

ಕಡಲಬದಿ: ಮರ ಮರೆತುಬಿಡಿ ಮಾರಾಯ್ರೆ, ಶೆಲ್ ದಾಳಿಗೆ ಗುಡ್ಡವೇ ಬೋಳಾಗಿತ್ತು. ದೂರದ ಬೆಟ್ಟಸಾಲಿನ ಅಂಚು ನಂಬಿ. ಅಲ್ಲಿದ್ದ ಡೆಪ್ಯುಟಿ ಕಮಿಷನರ್ ಬಂಗಲೆ ಹೋಯಿತು, ಆದರೆ ಅದರ ಟೆನಿಸ್ ಕೋರ್ಟಿನ ಗೆರೆಗಳು ಯುದ್ಧ ಸ್ಮಶಾನದೊಳಗೆ ಕಾಂಕ್ರೀಟಿನಲ್ಲಿ ಉಳಿದಿವೆ. ಹತ್ತಿರಕ್ಕೆ ಗೆರೆಯ ಮೂಲೆ, ದೂರಕ್ಕೆ ಬೆಟ್ಟದ ಒಂದು ತಗ್ಗು ಹಿಡಿಯಿರಿ. ಹಳೆ ಫೋಟೊಗಿಂತ ತಗ್ಗು ಮೂಲೆಯ ಬಲಕ್ಕೆ ಸರಿದು ಕಂಡರೆ ನೀವು ಎಡಕ್ಕೆ ಸರಿಯಬೇಕು. ಝೂಮ್ ಮಾಡಿದರೆ ಇದು ಸರಿಹೋಗದು, ಕಾಲೇ ಕದಲಬೇಕು. ಮೊದಲು ನಿಮ್ಮ ಮಂಗಳೂರಿನ ಸುಲ್ತಾನ್ ಬತ್ತೇರಿಯ ಹಳೆ ಚಿತ್ರ ಹಿಡಿದು ಅಭ್ಯಾಸ ಮಾಡಿ.

ಡಾರ್ಕ್‌ರೂಮ್ ಉಡುಪಿ: ಚೌಕ ಅಂದರೆ ಬಹುಶಃ 6×6 ಸೆಂ.ಮೀ. ಚಿತ್ರ ಮೂಡುವ ರೋಲ್ ಫಿಲ್ಮ್. ಎರಡು ಲೆನ್ಸಿನ ಕ್ಯಾಮೆರಾ ಆಗಿದ್ದರೆ ಎದೆ-ಹೊಟ್ಟೆ ಮಟ್ಟದಲ್ಲಿ ಹಿಡಿದು ಮೇಲಿಂದ ಬಗ್ಗಿ ನೋಡುತ್ತಿದ್ದರು. ನೀವು ಕಣ್ಣಿನ ಎತ್ತರದಲ್ಲಿ ತೆಗೆದರೆ ಮುನ್ನೆಲೆಯ ಗೆರೆ ಎಂದೂ ಕೂಡುವುದಿಲ್ಲ. ಅವುಗಳ ಲೆನ್ಸ್ ಸಾಮಾನ್ಯವಾಗಿ 75 ಎಂಎಂ. ಫುಲ್ ಫ್ರೇಮ್‌ (36×24 ಎಂಎಂ ಸೆನ್ಸರ್) ಕ್ಯಾಮೆರಾದಲ್ಲಿ 28 ಎಂಎಂ ಲೆನ್ಸ್ ಇಟ್ಟು, ಆಮೇಲೆ ಚೌಕಕ್ಕೆ ಕತ್ತರಿಸಿ. ಸ್ಕ್ಯಾನ್‌ನಲ್ಲಿ ಎಡ-ಬಲ ಅದಲುಬದಲಾಗಿದೆಯೇ ಎಂದೂ ನೋಡಿ: ರೈಫಲ್ಲಿನ ಬೋಲ್ಟ್ ಹಿಡಿಕೆ ಗುರಿಯಿಡುವವನ ಬಲಕ್ಕಿರಬೇಕು.

ಕಡಲಬದಿ: ಫೋಟೊದ ಹಿಂಬದಿಯಲ್ಲಿ ಸಮಯ ಬರೆದಿದ್ದರೆ ಒಂದು ಗಂಟೆ ಕಳೆಯಿರಿ. ಆಗ ಭಾರತದ ಗಡಿಯಾರ ಯುದ್ಧಕ್ಕಾಗಿ ಒಂದು ಗಂಟೆ ಮುಂದಿತ್ತು. ಆದರೂ ಮೇ ತಿಂಗಳ ನೆರಳು ನವೆಂಬರ್‌ನಲ್ಲಿ ಸಿಗದು. ಮೋಡದ ದಿನವೇ ವಾಸಿ. ಇನ್ನರ್ ಲೈನ್ ಪರ್ಮಿಟ್ (ನಾಗಾಲ್ಯಾಂಡ್‌ಗೆ ಹೋಗಲು ಬೇಕಾದ ಅನುಮತಿ) ಮರೆಯಬೇಡಿ.